ಗೆಳೆಯರೊಂದಿಗೆ ಡರ್ಟ್ ಬೈಕ್ ಪ್ರವಾಸ: ಯೋಜನೆಯಿಂದ ಜಾಡಿನವರೆಗೆ ಸಮಗ್ರ ಮಾರ್ಗದರ್ಶಿ

ಟಾರು ರಸ್ತೆಯಲ್ಲಿ ಪ್ರವಾಸ ಹೊರಟವರು ಏನನ್ನಾದರೂ ಮರೆತಿದ್ದರೆ ಮುಂದಿನ ಊರಿನಲ್ಲಿ ಕೊಂಡುಕೊಳ್ಳುತ್ತಾರೆ, ಪೆಟ್ರೋಲ್ ತಳ ಕಂಡರೆ ಬಂಕ್ ಹುಡುಕುತ್ತಾರೆ, ಬೈಕ್ ಕೈಕೊಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಡರ್ಟ್ ಬೈಕ್, ಅಂದರೆ ಕಚ್ಚಾ ಹಾದಿಗೆಂದೇ ಮಾಡಿದ ಬೈಕ್, ಓಡುವ ಕಾಡು, ಗುಡ್ಡ, ಮರಳುಗಾಡುಗಳ ನಡುವಿನ ಜಾಡಿನಲ್ಲಿ ಈ ಮೂರೂ ಅನುಕೂಲಗಳಿಲ್ಲ. ಅಲ್ಲಿ ನೆರವಿಗೆ ಬರುವುದು ಗುಂಪು ಹೊತ್ತು ತಂದ ಸಾಮಾನು ಮತ್ತು ಹೊರಡುವ ಮೊದಲೇ ಕುಳಿತು ಮಾತನಾಡಿ ಒಪ್ಪಿಕೊಂಡ ನಿಯಮಗಳು. ಆದ್ದರಿಂದ ಗುಂಪಿನ ಅತಿ ಚುರುಕಾದ ಸವಾರರ ಉತ್ಸಾಹಕ್ಕೆ ತಕ್ಕಂತೆ ಯೋಜನೆ ಹಾಕಬಾರದು. ಅತಿ ಕಡಿಮೆ ಅನುಭವದ ಸವಾರ, ಅತಿ ಚಿಕ್ಕ ಪೆಟ್ರೋಲ್ ಟ್ಯಾಂಕ್, ಕೈಗೆ ಸಿಗುವ ಹಗಲಿನ ಹೊತ್ತು, ಈ ಮೂರನ್ನು ಅಳತೆಯಾಗಿಟ್ಟುಕೊಂಡು ಹಾಕಬೇಕು. ಮುಂದಿನ ಹಂತಗಳೆಲ್ಲ ಈ ಲೆಕ್ಕವನ್ನೇ ಹಿಡಿದು ಸಾಗುತ್ತವೆ.

ಮೊದಲು ಜೊತೆಗಾರರು, ಆಮೇಲೆ ಸ್ಥಳ

ಎಲ್ಲಿಗೆ ಹೋಗಬಹುದು ಎಂಬುದು ಯಾರು ಬರುತ್ತಾರೆ ಎಂಬುದನ್ನು ಅವಲಂಬಿಸಿದೆ. ನಾಲ್ಕರಿಂದ ಆರು ಮಂದಿಯ ಗುಂಪು ಅನುಕೂಲಕರ. ಮೂವರಿಗಿಂತ ಕಡಿಮೆ ಇರಲೇಬಾರದು, ಏಕೆಂದರೆ ಒಬ್ಬರು ಬಿದ್ದು ಗಾಯಗೊಂಡರೆ ಒಬ್ಬರು ಅವರ ಪಕ್ಕದಲ್ಲಿ ಉಳಿಯಬೇಕು, ಇನ್ನೊಬ್ಬರು ಸಹಾಯ ತರಲು ಹೋಗಬೇಕು. ನಾಲ್ವರಿದ್ದರೆ ಸಹಾಯಕ್ಕೆ ಹೋಗುವವರೂ ಇಬ್ಬರಾಗುತ್ತಾರೆ. ಗಾಬರಿಯಲ್ಲಿ ವೇಗವಾಗಿ ಹೊರಟ ಒಂಟಿ ಸವಾರರು ತಾವೇ ಬೀಳುವ ಅಪಾಯ ಆಗ ಕಡಿಮೆಯಾಗುತ್ತದೆ. ಆರು ಮಂದಿಯನ್ನು ಮೀರಿದರೆ ಕಾಯುವುದರಲ್ಲಿಯೇ ಹೊತ್ತು ಹೋಗುತ್ತದೆ ಮತ್ತು ಹಿಂದಿನವರು ಇಡೀ ದಿನ ಧೂಳು ಕುಡಿಯುತ್ತಾರೆ. ಅಂತಹ ದೊಡ್ಡ ಗುಂಪನ್ನು ಎರಡಾಗಿ ಒಡೆದು, ಎರಡಕ್ಕೂ ಪ್ರತ್ಯೇಕ ಮುಂದಾಳು ಮತ್ತು ಕೊನೆಯ ಸವಾರರನ್ನು ನೇಮಿಸುವುದು ಒಳ್ಳೆಯದು.

ಅನುಭವವನ್ನು ತಿಳಿಯಲು “ನಿನಗೆ ಚೆನ್ನಾಗಿ ಓಡಿಸಲು ಬರುತ್ತದೆಯೇ” ಎಂದು ಕೇಳಿ ಪ್ರಯೋಜನವಿಲ್ಲ. ಗೆಳೆಯರ ಮುಂದೆ ಯಾರೂ ಇಲ್ಲ ಎನ್ನುವುದಿಲ್ಲ. ಏರಿನ ಮಧ್ಯದಲ್ಲಿ ಎಂಜಿನ್ ನಿಂತಾಗ ಬೈಕನ್ನು ಬೀಳಿಸದೆ ತಿರುಗಿಸಿ ಕೆಳಗಿಳಿಸಿದ್ದೀರಾ, ಆಳವಾದ ಮರಳಿನಲ್ಲಿ ಓಡಿಸಿದ್ದೀರಾ, ಒಂದೇ ದಿನದಲ್ಲಿ ಎಷ್ಟು ಗಂಟೆ ಜಾಡಿನಲ್ಲಿ ಕಳೆದಿದ್ದೀರಾ, ಬಿದ್ದ ಬೈಕನ್ನು ಇಳಿಜಾರಿನಲ್ಲಿ ಒಬ್ಬರೇ ಎತ್ತಿದ್ದೀರಾ ಎಂದು ನಿರ್ದಿಷ್ಟವಾಗಿ ಕೇಳಿ. ಇದಕ್ಕಿಂತಲೂ ನಂಬಿಕೆಗೆ ಯೋಗ್ಯವಾದ ದಾರಿಯೆಂದರೆ ಪ್ರವಾಸಕ್ಕೆ ಎರಡು ಮೂರು ವಾರ ಮೊದಲು ಎಲ್ಲರೂ ಸೇರಿ ಪರಿಚಿತ ಜಾಡಿನಲ್ಲಿ ಅರ್ಧ ದಿನ ಸವಾರಿ ಮಾಡುವುದು. ಯಾರು ಎಲ್ಲಿ ತಡವರಿಸುತ್ತಾರೆ, ಯಾರ ಬೈಕ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಹಿಂದಿನವರಿಗಾಗಿ ಕಾಯುವ ತಾಳ್ಮೆ ಯಾರಲ್ಲಿದೆ ಎಂಬುದೆಲ್ಲ ಆ ಅರ್ಧ ದಿನದಲ್ಲಿ ತಿಳಿದುಬಿಡುತ್ತದೆ. ಮುಂದಾಳುವಿನ ಆಯ್ಕೆಯಲ್ಲಿ ನಾನು ಕೌಶಲಕ್ಕಿಂತ ಆ ತಾಳ್ಮೆಗೇ ಹೆಚ್ಚು ತೂಕ ಕೊಡುತ್ತೇನೆ.

ಈ ಹಂತದಲ್ಲಿಯೇ ಸಂಕೋಚವಿಲ್ಲದೆ ಬಗೆಹರಿಸಿಕೊಳ್ಳಬೇಕಾದ ಕೆಲವು ಮಾತುಗಳಿವೆ. ಸಾಗಣೆ, ವಸತಿ, ಪರವಾನಗಿಗಳ ಖರ್ಚನ್ನು ಹೇಗೆ ಹಂಚಿಕೊಳ್ಳುವುದು, ಎರವಲು ತಂದ ಬೈಕಿಗೆ ಹಾನಿಯಾದರೆ ಯಾರು ಭರಿಸುವುದು, ಒಬ್ಬರ ಬೈಕ್ ದಾರಿಯಲ್ಲಿ ಪೂರ್ತಿ ಕೆಟ್ಟರೆ ಗುಂಪೇ ಹಿಂತಿರುಗುವುದೋ ಅಥವಾ ಇಬ್ಬರು ಮಾತ್ರ ಜೊತೆಗೆ ಮರಳುವುದೋ ಎಂಬುದು ಮೊದಲೇ ತೀರ್ಮಾನವಾಗಲಿ. ದಿನದ ಸವಾರಿ ಮುಗಿದು ಬೈಕ್‌ಗಳು ನಿಲ್ಲುವ ತನಕ ಮದ್ಯ ಕೂಡದು ಎಂಬ ನಿಯಮಕ್ಕೆ ವಿನಾಯಿತಿ ಬೇಡ. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ತಮ್ಮ ಹೆಸರು, ರಕ್ತದ ಗುಂಪು, ಅಲರ್ಜಿ, ತೆಗೆದುಕೊಳ್ಳುತ್ತಿರುವ ಔಷಧ, ಮನೆಯವರ ಫೋನ್ ಸಂಖ್ಯೆಗಳನ್ನು ಬರೆದು, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಎಲ್ಲರೂ ಒಂದೇ ಕಡೆ, ಉದಾಹರಣೆಗೆ ಜಾಕೆಟ್ಟಿನ ಎಡ ಮೇಲ್ಜೇಬಿನಲ್ಲಿ, ಇಟ್ಟುಕೊಳ್ಳಬೇಕು. ಪ್ರಜ್ಞೆ ತಪ್ಪಿದವರ ಜೇಬುಗಳನ್ನೆಲ್ಲ ತಡಕಾಡುವ ಸ್ಥಿತಿ ಆಗ ಬರುವುದಿಲ್ಲ.

ಅನುಮತಿ ಮತ್ತು ಋತು

ನಕ್ಷೆಯಲ್ಲಿ ಜಾಡು ಕಾಣುತ್ತದೆ ಎಂದ ಮಾತ್ರಕ್ಕೆ ಅಲ್ಲಿ ಬೈಕ್ ಓಡಿಸುವ ಹಕ್ಕು ಬರುವುದಿಲ್ಲ. ಆ ನೆಲ ಅರಣ್ಯ ಇಲಾಖೆಯದೋ, ಖಾಸಗಿಯವರದೋ, ವನ್ಯಜೀವಿಗಳಿಗಾಗಿ ಕಾಯ್ದಿರಿಸಿದ್ದೋ ಎಂದು ಮೊದಲು ತಿಳಿಯಿರಿ. ನಿಯಮಗಳು ಊರಿಂದೂರಿಗೆ ಬದಲಾಗುತ್ತವೆ. ಹಲವೆಡೆ ಎರಡು ಜಾಡುಗಳ ನಡುವಿನ ಸಾರ್ವಜನಿಕ ರಸ್ತೆಯಲ್ಲಿ ಸ್ವಲ್ಪ ದೂರ ಹೋಗುವುದಕ್ಕೂ ನೋಂದಣಿ, ದೀಪ, ವಿಮೆಗಳು ಬೇಕು. ಒಣ ಕಾಡುಗಳಲ್ಲಿ ಸೈಲೆನ್ಸರಿನಿಂದ ಕಿಡಿ ಹಾರದಂತೆ ತಡೆಯುವ ಸ್ಪಾರ್ಕ್ ಅರೆಸ್ಟರ್ ಕಡ್ಡಾಯವಾಗಿರುವ ಕಡೆಗಳಿವೆ, ಶಬ್ದಕ್ಕೆ ಮಿತಿ ಹಾಕಿರುವ ಕಡೆಗಳೂ ಇವೆ. ಆ ನೆಲದ ಉಸ್ತುವಾರಿ ಹೊತ್ತಿರುವ ಕಚೇರಿಗೆ ಫೋನ್ ಮಾಡಿ ಕೇಳುವುದೇ ಸರಿಯಾದ ಮಾರ್ಗ, ಏಕೆಂದರೆ ಮರ ಉರುಳಿ, ಸೇತುವೆ ಕೊಚ್ಚಿಹೋಗಿ ಅಥವಾ ಬೆಂಕಿಯ ಭೀತಿಯಿಂದ ಜಾಡು ಮುಚ್ಚಿರುವುದನ್ನು ಯಾವ ನಕ್ಷೆಯೂ ತಕ್ಷಣ ತೋರಿಸುವುದಿಲ್ಲ. ನಿಮ್ಮ ವಿಮೆ ರಸ್ತೆಯ ಆಚೆಗಿನ ಅಪಘಾತಕ್ಕೆ ಅನ್ವಯಿಸುತ್ತದೆಯೇ, ಗಾಯಾಳುವನ್ನು ದುರ್ಗಮ ಸ್ಥಳದಿಂದ ಹೊರತರುವ ವೆಚ್ಚ ಅದರಲ್ಲಿ ಸೇರಿದೆಯೇ ಎಂಬುದನ್ನೂ ಓದಿ ನೋಡಿ.

ಕಾಲದ ಆಯ್ಕೆಯಲ್ಲಿ ನೆಲದ ತೇವವೇ ಮುಖ್ಯ. ಮಳೆ ನಿಂತು ಕೆಲವು ದಿನಗಳಾಗಿ, ಮೇಲ್ಮಣ್ಣು ಗಟ್ಟಿಯಾಗಿ, ಒಳಗೆ ಇನ್ನೂ ಹಸಿ ಉಳಿದಿರುವ ನೆಲ ಚಕ್ರಕ್ಕೆ ಒಳ್ಳೆಯ ಹಿಡಿತ ಕೊಡುತ್ತದೆ, ಧೂಳೂ ಏಳುವುದಿಲ್ಲ. ನೀರು ಕುಡಿದು ಮೆತ್ತಗಾದ ನೆಲದಲ್ಲಿ ಓಡಿಸಿದರೆ ಚಕ್ರದ ಗೆರೆಗಳೇ ಮುಂದಿನ ಮಳೆಗೆ ಕಾಲುವೆಗಳಾಗಿ, ಜಾಡು ಕೊರಕಲಾಗುತ್ತದೆ. ಹಾಗೆ ಹಾಳಾದ ಜಾಡುಗಳನ್ನು ಎಲ್ಲರಿಗೂ ಮುಚ್ಚಲಾಗುತ್ತದೆ. ಆದ್ದರಿಂದ ದಿನಾಂಕವನ್ನು ಗೊತ್ತುಪಡಿಸುವಾಗಲೇ ಬದಲಿ ದಿನಾಂಕವೊಂದನ್ನೂ ಇಟ್ಟುಕೊಳ್ಳಿ.

ಹಾದಿ, ಹೊತ್ತು ಮತ್ತು ಪೆಟ್ರೋಲಿನ ಲೆಕ್ಕ

ಹೊಸಬರ ಯೋಜನೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಅಗಲವಾದ ಕಾಡು ರಸ್ತೆಯಲ್ಲಿ ಗಂಟೆಗೆ 30ರಿಂದ 40 ಕಿ.ಮೀ. ಸರಾಸರಿ ಸಿಗಬಹುದು. ಆದರೆ ಒಂದು ಬೈಕ್ ಮಾತ್ರ ಹಿಡಿಸುವಷ್ಟು ಕಿರಿದಾದ, ಬೇರು ಮತ್ತು ಕಲ್ಲುಗಳಿಂದ ಕೂಡಿದ ಜಾಡಿನಲ್ಲಿ ಗುಂಪಿನ ಸರಾಸರಿ ಗಂಟೆಗೆ 10ರಿಂದ 20 ಕಿ.ಮೀ. ಮೀರುವುದು ಅಪರೂಪ. ನಿಲುಗಡೆ, ಬಿದ್ದವರನ್ನು ಎತ್ತುವುದು, ಪಂಕ್ಚರ್, ಕವಲುಗಳಲ್ಲಿ ಕಾಯುವುದು, ಇವೆಲ್ಲವೂ ಆ ಸರಾಸರಿಯಲ್ಲಿ ಸೇರುತ್ತವೆ. ನಕ್ಷೆಯಲ್ಲಿ 80 ಕಿ.ಮೀ. ಎಂಬುದು ಚಿಕ್ಕ ಅಂಕಿಯಂತೆ ಕಂಡರೂ ಅದೆಲ್ಲವೂ ಕಿರಿದಾದ ಜಾಡಾಗಿದ್ದರೆ ಇಡೀ ದಿನದ ದುಡಿಮೆ.

ಕತ್ತಲಾಗುವುದಕ್ಕೆ ಎರಡು ಗಂಟೆ ಮೊದಲು ಬಿಡಾರ ಸೇರುವಂತೆ ಲೆಕ್ಕ ಹಾಕಿ, ಅಲ್ಲಿಂದ ಹಿಮ್ಮುಖವಾಗಿ ಎಣಿಸುತ್ತಾ ಬಂದು, ಎಷ್ಟೇ ದೂರ ತಲುಪಿದ್ದರೂ ಸರಿ, ಇಂತಿಷ್ಟು ಗಂಟೆಗೆ ಹಿಂತಿರುಗಲೇಬೇಕು ಎಂಬ ಸಮಯವನ್ನು ನಿಗದಿಪಡಿಸಿ. ಕಠಿಣವಾದ ಏರುಗಳು ಮತ್ತು ಕಲ್ಲುಹಾದಿಗಳು ಬೆಳಗಿನ ಹೊತ್ತಿಗೆ ಬರಲಿ. ಮಧ್ಯಾಹ್ನದ ನಂತರ ಮುಂಗೈ ಬಿಗಿದುಕೊಳ್ಳುತ್ತದೆ, ಕ್ಲಚ್ ಹಿಡಿಯುವ ಬೆರಳುಗಳು ಸೋಲುತ್ತವೆ, ದಣಿದ ಕಣ್ಣು ಹತ್ತಿರದ ಕಲ್ಲನ್ನೇ ನೋಡತೊಡಗುತ್ತದೆ.

ದಾರಿಯ ಆಕಾರದ ಬಗ್ಗೆಯೂ ಯೋಚಿಸಬೇಕು. ಒಂದೇ ದೊಡ್ಡ ಸುತ್ತು ಹಾಕುವುದಕ್ಕಿಂತ, ಒಂದು ಬಿಡಾರದಿಂದ ಹೊರಟು ಅಲ್ಲಿಗೇ ಮರಳುವ ಎರಡು ಮೂರು ಚಿಕ್ಕ ಸುತ್ತುಗಳನ್ನು ನಾನು ಮೆಚ್ಚುತ್ತೇನೆ. ದಣಿದವರು ಎರಡನೆಯ ಸುತ್ತಿನ ನಂತರ ಉಳಿದುಕೊಳ್ಳಬಹುದು, ಕೆಟ್ಟ ಬೈಕ್ ವಾಹನಕ್ಕೆ ಹತ್ತಿರವೇ ಇರುತ್ತದೆ, ಹೆಚ್ಚಿನ ಪೆಟ್ರೋಲನ್ನು ಬೆನ್ನ ಮೇಲೆ ಹೊರಬೇಕಾಗಿಲ್ಲ. ದೊಡ್ಡ ಸುತ್ತೇ ಬೇಕೆಂದಾದರೆ 15–20 ಕಿ.ಮೀ.ಗೆ ಒಂದರಂತೆ, ವಾಹನ ಬರಬಲ್ಲ ರಸ್ತೆಗೆ ಇಳಿಯುವ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿಡಿ.

ಮಾರ್ಗವನ್ನು ಜಿಪಿಎಸ್ ಸಾಧನಗಳು ಓದಬಲ್ಲ ಜಿಪಿಎಕ್ಸ್ ಕಡತವಾಗಿ ಸಿದ್ಧಪಡಿಸಿ ಎಲ್ಲರ ಫೋನಿಗೂ ಕಳುಹಿಸಿ, ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳುವಂತೆ ಹೇಳಿ. ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ಬೆಳೆಸುವ ಮುಕ್ತ ನಕ್ಷೆ) ಆಧಾರಿತ ನಕ್ಷೆಗಳಲ್ಲಿ ಕಾಲುದಾರಿಗಳೂ ಸಿಗುತ್ತವೆ, ಆದರೆ ಅವು ಈಗಲೂ ಬಳಕೆಯಲ್ಲಿವೆ ಎಂಬ ಭರವಸೆಯಿಲ್ಲದ್ದರಿಂದ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ ನೋಡಬೇಕು. ಎತ್ತರವನ್ನು ಸೂಚಿಸುವ ಗೆರೆಗಳು ಒತ್ತೊತ್ತಾಗಿರುವ ಕಡೆ ಕಡಿದಾದ ಏರು ಅಥವಾ ಇಳಿಜಾರು ಇದೆಯೆಂದು ತಿಳಿಯಿರಿ. ಕಾಗದದ ನಕ್ಷೆಯೊಂದು ಇಬ್ಬರ ಬಳಿಯಾದರೂ ಇರಲಿ.

ಇನ್ನು ಪೆಟ್ರೋಲ್. ಗುಂಪಿನ ಅತಿ ಚಿಕ್ಕ ಟ್ಯಾಂಕ್ 8 ಲೀಟರಿನದು, ಆ ಬೈಕ್ ಕಾಡು ರಸ್ತೆಯಲ್ಲಿ ಲೀಟರಿಗೆ 15 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಮರಳು, ಕೆಸರು, ಏರುಗಳಲ್ಲಿ ಅದು 10ಕ್ಕೆ ಇಳಿಯಬಹುದು. ಆ 10ನ್ನೇ ಹಿಡಿದರೆ 80 ಕಿ.ಮೀ., ಅದರಲ್ಲಿ ಕಾಲು ಭಾಗವನ್ನು ದಾರಿ ತಪ್ಪಿದ ಸಂದರ್ಭಕ್ಕೆಂದು ಮೀಸಲಿಟ್ಟರೆ ಉಳಿಯುವುದು 60 ಕಿ.ಮೀ. ಆ 60 ಕಿ.ಮೀ.ಯೇ ಇಡೀ ಗುಂಪಿನ ಮಿತಿ, ಉಳಿದವರ ಟ್ಯಾಂಕ್ ಎಷ್ಟೇ ದೊಡ್ಡದಿರಲಿ. ಟೂ-ಸ್ಟ್ರೋಕ್ ಬೈಕ್‌ಗಳಿದ್ದರೆ ಪೆಟ್ರೋಲಿಗೆ ಬೆರೆಸಬೇಕಾದ ಆಯಿಲ್‌ನ ಪ್ರಮಾಣವನ್ನೂ ಬರೆದಿಟ್ಟುಕೊಳ್ಳಿ: 50:1 ಎಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 40:1 ಎಂದರೆ 25 ಮಿ.ಲೀ. ಫೋರ್-ಸ್ಟ್ರೋಕ್ ಬೈಕಿನಿಂದ ಎರವಲು ಪಡೆದ ಬರೀ ಪೆಟ್ರೋಲನ್ನು ಟೂ-ಸ್ಟ್ರೋಕ್ ಬೈಕಿನ ಟ್ಯಾಂಕಿಗೆ ಹಾಗೆಯೇ ಸುರಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಳತೆಯ ಗುರುತುಳ್ಳ ಚಿಕ್ಕ ಬಾಟಲಿಯಲ್ಲಿ ಆಯಿಲ್ ಸದಾ ಜೊತೆಗಿರಬೇಕು. ಕೆಟಿಎಂ 2018ರ ಮಾದರಿಗಳಿಂದ ತಂದ, ಪೆಟ್ರೋಲನ್ನು ಎಂಜಿನ್ನಿಗೆ ಸಿಂಪಡಿಸುವ ಟಿಪಿಐ ವ್ಯವಸ್ಥೆಯ ಎಂಡ್ಯೂರೊಗಳಂತಹ (ದೀರ್ಘ ಜಾಡು ಸವಾರಿಗೆಂದು ಮಾಡಿದ) ಬೈಕ್‌ಗಳಲ್ಲಿ ಆಯಿಲ್‌ಗೆ ಪ್ರತ್ಯೇಕ ಟ್ಯಾಂಕ್ ಇರುವುದರಿಂದ ಅವಕ್ಕೆ ಬರೀ ಪೆಟ್ರೋಲೇ ಸಾಕು. ಯಾರದು ಯಾವ ಬಗೆ ಎಂಬುದು ಎಲ್ಲರಿಗೂ ತಿಳಿದಿರಲಿ.

ಬೈಕನ್ನು ಅಣಿಗೊಳಿಸುವುದು

ಈ ಕೆಲಸವನ್ನು ಹೊರಡುವ ಹಿಂದಿನ ರಾತ್ರಿಗೆ ಬಿಡದೆ ಎರಡು ವಾರ ಮೊದಲೇ ಕೈಗೆತ್ತಿಕೊಳ್ಳಿ. ಬಿಡಿಭಾಗ ಬೇಕೆಂದಾದರೆ ತರಿಸಲು ಸಮಯ ಬೇಕು, ರಿಪೇರಿಯ ನಂತರ ಒಮ್ಮೆ ಓಡಿಸಿ ನೋಡಲೂ ಸಮಯ ಬೇಕು.

ಬೈಕಿನ ಬಗೆ ಮೊದಲು ಗಮನಕ್ಕೆ ಬರಲಿ. ಮೋಟೊಕ್ರಾಸ್ ಬೈಕ್‌ಗಳನ್ನು ಸುತ್ತುವರಿದ ಪಂದ್ಯದ ಟ್ರ್ಯಾಕಿಗೆಂದು ತಯಾರಿಸುವುದರಿಂದ ಅವುಗಳಿಗೆ ದೀಪವಿರುವುದಿಲ್ಲ, ಟ್ಯಾಂಕ್ ಚಿಕ್ಕದು, ಹಿಂದಿನ ಚಕ್ರ ಸಾಮಾನ್ಯವಾಗಿ 19 ಇಂಚಿನದು. ಟ್ರೇಲ್ ಮತ್ತು ಎಂಡ್ಯೂರೊ ಬೈಕ್‌ಗಳಲ್ಲಿ ಮುಂದೆ 21, ಹಿಂದೆ 18 ಇಂಚಿನ ಚಕ್ರವಿರುತ್ತದೆ, ಮತ್ತು ದಿನವಿಡೀ ಸವಾರಿಗೆ ಅವೇ ತಕ್ಕವು. ಎಲ್ಲರದೂ ಈ ಅಳತೆಯಾದರೆ ಒಂದು ಲಾಭವೂ ಇದೆ: 21 ಇಂಚಿನ ಟ್ಯೂಬನ್ನು ತುರ್ತು ಸಂದರ್ಭದಲ್ಲಿ 18 ಇಂಚಿನ ಹಿಂದಿನ ಟೈರಿಗೂ ಮಡಚಿ ಹಾಕಿ ಬಿಡಾರದ ತನಕ ಬರಬಹುದು.

ಏರ್ ಫಿಲ್ಟರ್ ತೊಳೆದು, ಫಿಲ್ಟರ್ ಆಯಿಲ್ ಹಚ್ಚಿ ಸಿದ್ಧಪಡಿಸಿಕೊಳ್ಳಿ. ಧೂಳಿನ ಪ್ರದೇಶವಾದರೆ ಆಯಿಲ್ ಹಚ್ಚಿದ ಇನ್ನೊಂದನ್ನು ಚೀಲದಲ್ಲಿ ಕಟ್ಟಿ ತನ್ನಿ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟಿ ಸಡಿಲಿದ್ದರೆ ಬಿಗಿಗೊಳಿಸಿ, ಅದರಲ್ಲೂ ಟೈರು ರಿಮ್ಮಿನ ಮೇಲೆ ಜಾರದಂತೆ ಹಿಡಿಯುವ ರಿಮ್ ಲಾಕ್‌ನ ಆಸುಪಾಸಿನವನ್ನು. ಟ್ಯೂಬ್ ಇರುವ ಟೈರುಗಳಿಗೆ ಜಾಡಿನಲ್ಲಿ 12ರಿಂದ 15 ಪಿಎಸ್‌ಐ ಗಾಳಿ ಸಾಮಾನ್ಯ. ಕಲ್ಲು ಹೆಚ್ಚಿದ್ದರೆ ಮೇಲಿನ ಅಂಕಿ, ಮೆತ್ತನೆಯ ನೆಲಕ್ಕೆ ಕೆಳಗಿನದು. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳ ಹಿಡಿಕೆಯ ಬೋಲ್ಟನ್ನು ತೀರಾ ಬಿಗಿಯದೆ, ಬಿದ್ದಾಗ ಲಿವರ್ ಮುರಿಯದೆ ಹ್ಯಾಂಡಲ್ ಮೇಲೆ ತಿರುಗಿಕೊಳ್ಳುವಷ್ಟು ಮಾತ್ರ ಬಿಗಿಯಿರಿ.

ಚೈನಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಂತ ಬೈಕಿನಲ್ಲಿ ಚೈನ್ ಸಡಿಲವಾಗಿ ಕಂಡರೆ ಅದನ್ನು ಬಿಗಿದು ನೇರ ಮಾಡುವ ಹಂಬಲ ಹುಟ್ಟುತ್ತದೆ. ಆದರೆ ಸವಾರರು ಕುಳಿತು, ಹಿಂದಿನ ಸಸ್ಪೆನ್ಷನ್ ಕುಸಿದು, ಎರಡು ಸ್ಪ್ರಾಕೆಟ್‌ಗಳೂ (ಚೈನ್ ಓಡುವ ಹಲ್ಲುಚಕ್ರಗಳು) ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ಕೀಲೂ ಒಂದೇ ಗೆರೆಗೆ ಬಂದಾಗ ಅವುಗಳ ನಡುವಿನ ದೂರ ಹೆಚ್ಚಾಗಿ ಚೈನ್ ತಾನಾಗಿಯೇ ಬಿಗಿಯಾಗುತ್ತದೆ. ಮೊದಲೇ ಬಿಗಿಯಾಗಿದ್ದರೆ ಆ ಎಳೆತವೆಲ್ಲ ಎಂಜಿನ್ನಿನ ಮುಂದಿನ ಸ್ಪ್ರಾಕೆಟ್ಟಿನ ಬೇರಿಂಗಿನ ಮೇಲೆ ಬೀಳುತ್ತದೆ, ಚೈನ್ ತುಂಡಾದರೆ ಎಂಜಿನ್ ಕೇಸನ್ನೇ ಒಡೆಯಬಹುದು. ಆದ್ದರಿಂದ ಬೈಕಿನ ಕೈಪಿಡಿ ಹೇಳುವ ಜಾಗದಲ್ಲಿ, ಅದು ಹೇಳುವಷ್ಟೇ ಸಡಿಲ ಬಿಡಿ. ಅನುಮಾನ ಬಂದರೆ ತುಸು ಸಡಿಲವೇ ವಾಸಿ.

ಉಡುಪು

ಹೆಲ್ಮೆಟ್ ಮತ್ತು ಬೂಟಿನಲ್ಲಿ ರಾಜಿ ಬೇಡ. ಹೆಲ್ಮೆಟ್ ಇಸಿಇ 22.06ರಂತಹ ಮಾನ್ಯ ಸುರಕ್ಷತಾ ಮಾನದಂಡದ್ದಾಗಿರಲಿ, ಒಮ್ಮೆ ಬಲವಾದ ಪೆಟ್ಟು ಬಿದ್ದದ್ದನ್ನು ಮತ್ತೆ ಬಳಸಬೇಡಿ. ಬೂಟು ಮೊಣಕಾಲಿನ ಕೆಳಗಿನವರೆಗೂ ಬರುವ ಗಟ್ಟಿ ಆಫ್‌ರೋಡ್ ಬೂಟೇ ಆಗಬೇಕು, ಏಕೆಂದರೆ ನೂರು ಕಿಲೊ ಮೀರಿದ ಬೈಕ್ ಕಾಲಿನ ಮೇಲೆ ಉರುಳುವುದು ಇಲ್ಲಿ ಮಾಮೂಲು. ಎದೆ ಮತ್ತು ಬೆನ್ನಿನ ಕವಚ, ಮೊಣಕಾಲು ಮೊಣಕೈ ಕವಚ, ಗ್ಲೌಸ್, ಗಾಗಲ್ಸ್ ಉಳಿದ ಅಗತ್ಯಗಳು. ಬೆನ್ನಿಗೆ ಹಾಕುವ ನೀರಿನ ಚೀಲ 2ರಿಂದ 3 ಲೀಟರ್ ಹಿಡಿಯುವಂಥದ್ದಿರಲಿ. ಬಾಟಲಿಯಲ್ಲಿ ನೀರಿದ್ದರೆ ನಿಂತಾಗ ಮಾತ್ರ ಕುಡಿಯುತ್ತೇವೆ, ಕೊಳವೆಯಿದ್ದರೆ ಆಗಾಗ ಕುಡಿಯುತ್ತೇವೆ.

ಸಾಮಾನಿನ ಹಂಚಿಕೆ

ಎಲ್ಲರೂ ಎಲ್ಲವನ್ನೂ ಹೊರುವುದೂ ತಪ್ಪು, ಒಬ್ಬರೇ ಗುಂಪಿನ ಕಾರ್ಯಾಗಾರವನ್ನು ಹೊರುವುದೂ ತಪ್ಪು. ತಮ್ಮ ಬೈಕಿನ ಟ್ಯೂಬ್, ಸ್ಪಾರ್ಕ್ ಪ್ಲಗ್, ಕ್ಲಚ್ ಹಾಗೂ ಬ್ರೇಕ್ ಲಿವರ್, ಚೈನ್ ಲಿಂಕ್, ಚಕ್ರದ ಆಕ್ಸೆಲ್ ಬಿಚ್ಚುವ ಸ್ಪ್ಯಾನರ್, ಇಷ್ಟನ್ನು ಪ್ರತಿಯೊಬ್ಬರೂ ತಾವೇ ತರಬೇಕು. ಟೈರ್ ಲಿವರ್, ಪಂಪ್, ಪಂಕ್ಚರ್ ಪ್ಯಾಚ್, ಚೈನ್ ಬ್ರೇಕರ್, ಪ್ಲಗ್ ಸ್ಪ್ಯಾನರ್, ತಂತಿ, ಕೇಬಲ್ ಟೈ, ಡಕ್ಟ್ ಟೇಪ್, ಒಡೆದ ಎಂಜಿನ್ ಕೇಸಿಗೆ ಮೆತ್ತುವ ಎಪಾಕ್ಸಿ, ಎಳೆಯುವ ಪಟ್ಟಿ, ಇವು ಸಾಮೂಹಿಕ. ಜಪಾನಿನ ಬೈಕ್‌ಗಳಿಗೆ 8, 10, 12, 14 ಮಿ.ಮೀ. ಸ್ಪ್ಯಾನರ್‌ಗಳು ಹೆಚ್ಚು ಬೇಕಾಗುತ್ತವೆ, ಯುರೋಪಿನವಕ್ಕೆ 8, 10, 13 ಮತ್ತು ನಕ್ಷತ್ರಾಕಾರದ ತುದಿಯ ಟಾರ್ಕ್ಸ್ ಬಿಟ್‌ಗಳು. ಗುಂಪಿನಲ್ಲಿ ಎರಡೂ ಬಗೆಯಿದ್ದರೆ ಎರಡೂ ಬೇಕು.

ಸಾಮೂಹಿಕ ಉಪಕರಣಗಳು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಬಳಿಯಿರಬೇಕು ಎಂಬುದನ್ನು ಹಲವರು ಯೋಚಿಸುವುದೇ ಇಲ್ಲ. ಅವು ಕೊನೆಯ ಸವಾರರ ಬಳಿಯೇ ಇರಬೇಕು. ಮುಂದೆ ಯಾರ ಬೈಕ್ ಕೆಟ್ಟರೂ, ಯಾರು ಬಿದ್ದರೂ ಕೊನೆಯ ಸವಾರರು ಅವರನ್ನು ತಲುಪಿಯೇ ತಲುಪುತ್ತಾರೆ. ಮುಂದಾಳುವಿನ ಬಳಿಯಿದ್ದರೆ ಅವರನ್ನು ಅಟ್ಟಿಸಿಕೊಂಡು ಹೋಗಿ ಕರೆತರಬೇಕಾಗುತ್ತದೆ.

ಸಾಗಣೆ

ಬೈಕ್‌ಗಳನ್ನು ಟ್ರೇಲರಿನಲ್ಲಿ ಅಥವಾ ಪಿಕಪ್ ವಾಹನದಲ್ಲಿ ಸಾಗಿಸುವುದಾದರೆ ಇಬ್ಬರು ಸೇರಿ ಹಲಗೆಯ ಮೇಲೆ ತಳ್ಳಿ ಹತ್ತಿಸಿ. ಓಡಿಸಿಕೊಂಡು ಹತ್ತುವ ಸಾಹಸ ಬೇಡ. ಮುಂದಿನ ಚಕ್ರವನ್ನು ಮುಂಗೋಡೆಗೆ ಒತ್ತಿ ನಿಲ್ಲಿಸಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಳತೆಗೆ ಕತ್ತರಿಸಿದ ಮರದ ತುಂಡನ್ನಿಟ್ಟು, ಹ್ಯಾಂಡಲ್‌ನ ಎರಡೂ ಬದಿಯಿಂದ ಮುಂದಕ್ಕೂ ಹೊರಕ್ಕೂ ಎಳೆಯುವಂತೆ ಪಟ್ಟಿ ಕಟ್ಟಬೇಕು. ಆ ತುಂಡಿದ್ದರೆ ಪಟ್ಟಿಯನ್ನು ಬಿಗಿದಾಗ ಫೋರ್ಕ್ ಪೂರ್ತಿ ಅದುಮಿಕೊಳ್ಳದೆ ಸೀಲ್‌ಗಳು ಉಳಿಯುತ್ತವೆ. ಹಿಂಭಾಗ ಪಕ್ಕಕ್ಕೆ ಜಿಗಿಯದಂತೆ ಇನ್ನೆರಡು ಪಟ್ಟಿ ಹಾಕಿ. ಕಾರ್ಬುರೇಟರ್ ಬೈಕ್‌ಗಳ ಪೆಟ್ರೋಲ್ ಕಾಕ್ ಮುಚ್ಚಿ. ಹೊರಟ 15–20 ಕಿ.ಮೀ. ನಂತರ ನಿಲ್ಲಿಸಿ ಎಲ್ಲ ಪಟ್ಟಿಗಳನ್ನೂ ಮತ್ತೊಮ್ಮೆ ಬಿಗಿಯಿರಿ, ಅಷ್ಟರಲ್ಲಿ ಅವು ಖಂಡಿತ ಸ್ವಲ್ಪ ಸಡಿಲವಾಗಿರುತ್ತವೆ. ಟ್ರೇಲರಿನ ಹೆಚ್ಚುವರಿ ಚಕ್ರವನ್ನು ಮರೆಯಬೇಡಿ.

ಹೊರಡುವ ಮೊದಲು ಮನೆಯಲ್ಲಿರುವ ಒಬ್ಬರಿಗೆ ಮಾರ್ಗದ ಕಡತ, ಎಲ್ಲರ ಹೆಸರು, ವಾಹನ ನಿಲ್ಲಿಸುವ ಸ್ಥಳ ಮತ್ತು ಮರಳುವ ಸಮಯವನ್ನು ಬರೆದು ಕೊಡಿ. ಇಂತಿಷ್ಟು ಗಂಟೆಯೊಳಗೆ ನಮ್ಮ ಕರೆ ಬಾರದಿದ್ದರೆ ಇಂಥ ಸಂಖ್ಯೆಗೆ ತಿಳಿಸಿ ಎಂಬ ಸ್ಪಷ್ಟ ಸೂಚನೆ ಅದರಲ್ಲಿರಬೇಕು.

ಜಾಡಿನಲ್ಲಿ ಗುಂಪನ್ನು ನಡೆಸುವ ಬಗೆ

ಗುಂಪು ಚದುರುವುದು ಕವಲುಗಳಲ್ಲಿ. ಇದಕ್ಕೆ ಒಂದು ಸರಳ ಪದ್ಧತಿಯಿದೆ, ಅದನ್ನು ಮೊದಲ ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡುವ ಮುನ್ನವೇ ಎಲ್ಲರಿಗೂ ವಿವರಿಸಬೇಕು. ಮುಂದಾಳು ಕವಲಿಗೆ ಬಂದಾಗ ತಮ್ಮ ಹಿಂದೆಯೇ ಇರುವ ಎರಡನೆಯ ಸವಾರರಿಗೆ ಕೈಸನ್ನೆ ಮಾಡಿ ನಿಲ್ಲಲು ಸೂಚಿಸಿ ಮುಂದುವರಿಯುತ್ತಾರೆ. ನಿಂತವರು ದೂರದಿಂದಲೇ ಕಾಣುವ ಜಾಗದಲ್ಲಿ, ಹೋಗಬೇಕಾದ ದಿಕ್ಕಿಗೆ ಬೈಕಿನ ಮುಖ ಮಾಡಿ ನಿಲ್ಲುತ್ತಾರೆ, ಬಂದವರಿಗೆಲ್ಲ ದಾರಿ ತೋರಿಸುತ್ತಾರೆ. ಎದ್ದುಕಾಣುವ ಬಣ್ಣದ ಮೇಲಂಗಿ ತೊಟ್ಟ ಕೊನೆಯ ಸವಾರರು ಬರುವ ತನಕ ಅವರು ಆ ಜಾಗ ಬಿಟ್ಟು ಕದಲುವಂತಿಲ್ಲ. ಕೊನೆಯವರು ಬಂದ ಮೇಲೆ ಅವರ ಮುಂದೆ ಸೇರಿಕೊಂಡು ಹೊರಡುತ್ತಾರೆ. ಮುಂದಿನ ಕವಲಿನಲ್ಲಿ, ಆಗ ಎರಡನೆಯವರಾಗಿರುವ ಇನ್ನೊಬ್ಬರಿಗೆ ಆ ಸರದಿ. ಹೀಗಾಗಿ ಮುಂದಾಳು ಒಬ್ಬರಿಗೆ ದಾರಿ ಗೊತ್ತಿದ್ದರೆ ಸಾಕು. ಉಳಿದವರು ಹಿಂದಿನವರನ್ನು ಕಳೆದುಕೊಳ್ಳುವ ಭಯವಿಲ್ಲದೆ ತಮ್ಮದೇ ವೇಗದಲ್ಲಿ ಬರಬಹುದು. ಯಾರೂ ಬರುತ್ತಿಲ್ಲವೆಂದು ಬೇಸತ್ತು ಕವಲಿನಲ್ಲಿ ನಿಂತವರು ಹೊರಟರೆ ಮಾತ್ರ ಇಡೀ ಪದ್ಧತಿ ಕುಸಿಯುತ್ತದೆ. ಹಿಂದಿನವರು ಬಹಳ ಹೊತ್ತು ಬಾರದಿದ್ದರೆ ಮುಂದೆ ಹೋದ ಮುಂದಾಳುವೇ ಮರಳಿ ಬರಬೇಕು.

ಕಡಿದಾದ ಏರುಗಳನ್ನು ಒಬ್ಬೊಬ್ಬರಾಗಿ ಹತ್ತಿ, ಮೇಲಿನವರು ಕೈ ಎತ್ತಿ ತೋರಿಸಿದ ನಂತರ ಮುಂದಿನವರು ಹೊರಡಲಿ. ಮೇಲೆ ತಲುಪಿದವರು ಅಂಚಿನಲ್ಲೇ ನಿಲ್ಲದೆ ಹಿಂದಿನವರಿಗೆ ಜಾಗ ಬಿಡಬೇಕು. ತೊರೆ ಸಿಕ್ಕರೆ ಮೊದಲು ಒಬ್ಬರು ಬೂಟಿನಲ್ಲಿ ನಡೆದು ಆಳ, ಸೆಳೆತ, ತಳದ ಕಲ್ಲುಗಳನ್ನು ನೋಡಬೇಕು. ಸೆಳೆತ ಜೋರಾಗಿದ್ದರೆ ಅಥವಾ ತಳ ತಿಳಿಯದಿದ್ದರೆ ಹಿಂತಿರುಗುವುದೇ ಸರಿ. ಗಂಟೆಗೊಮ್ಮೆ ಹತ್ತು ನಿಮಿಷ ನಿಲ್ಲಿ.

ಜಾಡನ್ನು ಬಳಸುವವರು ನೀವೊಬ್ಬರೇ ಅಲ್ಲ. ನಡೆಯುವವರಿಗೆ ದಾರಿ ಬಿಡಿ. ಕುದುರೆ ಎದುರಾದರೆ ಬದಿಗೆ ಸರಿದು, ಎಂಜಿನ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಸವಾರರೊಂದಿಗೆ ಮೆಲುದನಿಯಲ್ಲಿ ಮಾತನಾಡಿ. ಮನುಷ್ಯರ ದನಿ ಕೇಳಿದರೆ ಕುದುರೆಯ ಭಯ ತಗ್ಗುತ್ತದೆ. ಎದುರಿನಿಂದ ಬೇರೆ ಬೈಕ್‌ಗಳು ಬಂದರೆ ನಿಮ್ಮ ಹಿಂದೆ ಇನ್ನೆಷ್ಟು ಮಂದಿ ಇದ್ದಾರೆಂದು ಬೆರಳುಗಳಿಂದ ತೋರಿಸುವ ವಾಡಿಕೆಯಿದೆ; ಮುಚ್ಚಿದ ಮುಷ್ಟಿ ತೋರಿಸಿದರೆ ನಾನೇ ಕೊನೆಯವನು ಎಂದರ್ಥ. ಕೆಸರಿನ ಹೊಂಡವನ್ನು ತಪ್ಪಿಸಲು ಜಾಡಿನ ಪಕ್ಕದ ಗಿಡಗಳ ಮೇಲೆ ಹೊಸ ದಾರಿ ಮಾಡಬೇಡಿ.

ಅವಘಡವಾದಾಗ

ಯಾರಾದರೂ ಬಿದ್ದು ಏಳದಿದ್ದರೆ ಮೊದಲ ಕೆಲಸ ಹಿಂದಿನಿಂದ ಬರುವವರನ್ನು ತಡೆಯುವುದು. ಒಬ್ಬರು ಜಾಡಿನಲ್ಲಿ ಹಿಂದಕ್ಕೆ ಓಡಿ ನಿಲ್ಲಲಿ. ಆಮೇಲೆ ಉಸಿರಾಟ, ರಕ್ತಸ್ರಾವ, ಪ್ರಜ್ಞೆಗಳನ್ನು ಈ ಕ್ರಮದಲ್ಲಿಯೇ ನೋಡಿ. ಉಸಿರಾಟಕ್ಕೆ ಅಡ್ಡಿಯಾಗದಿದ್ದರೆ ಹೆಲ್ಮೆಟ್ ತೆಗೆಯಬೇಡಿ; ತೆಗೆಯಲೇಬೇಕಾದರೆ ಒಬ್ಬರು ಕುತ್ತಿಗೆಯನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ನಿಧಾನವಾಗಿ ತೆಗೆಯಬೇಕು. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಡರ್ಟ್ ಬೈಕ್ ಸವಾರರಲ್ಲಿ ಕೊರಳೆಲುಬು ಮತ್ತು ಮಣಿಕಟ್ಟಿನ ಮುರಿತ ಸಾಮಾನ್ಯವಾದ್ದರಿಂದ ತ್ರಿಕೋನಾಕಾರದ ಬಟ್ಟೆಯಿಂದ ತೋಳನ್ನು ಎದೆಗೆ ಕಟ್ಟುವುದನ್ನು ಗುಂಪಿನ ಇಬ್ಬರಾದರೂ ಕಲಿತಿರಬೇಕು. ತಲೆಗೆ ಪೆಟ್ಟು ಬಿದ್ದು ಕೇಳಿದ್ದನ್ನೇ ಕೇಳುತ್ತಿದ್ದರೆ, ವಾಂತಿಯಾದರೆ, ನಡೆದದ್ದು ನೆನಪಿಲ್ಲದಿದ್ದರೆ, ಅವರು ತಾನು ಸರಿಯಾಗಿದ್ದೇನೆ ಎಂದು ಎಷ್ಟೇ ಹೇಳಿದರೂ ಮತ್ತೆ ಬೈಕ್ ಹತ್ತಿಸದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬಿಸಿಲಿನಲ್ಲಿ ಮಾತು ತೊದಲಿ ಗೊಂದಲಗೊಂಡವರನ್ನು ನೆರಳಿಗೆ ಒಯ್ದು, ಕವಚಗಳನ್ನು ಬಿಚ್ಚಿ, ನೀರಿನಿಂದ ಮೈ ತೋಯಿಸಿ, ಸಹಾಯಕ್ಕೆ ಕರೆ ಮಾಡಿ. ಶಾಖಾಘಾತವೂ ಪ್ರಾಣಾಪಾಯದ ಸ್ಥಿತಿಯೇ.

ಜಿಎಸ್‌ಎಂ ಫೋನುಗಳು 112ನ್ನು ತುರ್ತು ಸಂಖ್ಯೆಯೆಂದು ಗುರುತಿಸುತ್ತವೆ, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೊಂದರ ಸಿಗ್ನಲ್ ಇದ್ದರೆ ಆ ಕರೆ ಹೋಗಬಹುದು. ಯಾವ ಸಿಗ್ನಲ್ಲೂ ಇಲ್ಲದ ಪ್ರದೇಶಕ್ಕೆ ಹೋಗುವುದಾದರೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನ ಅಥವಾ ಕೋಸ್ಪಾಸ್-ಸಾರ್ಸಾಟ್ ಉಪಗ್ರಹ ವ್ಯವಸ್ಥೆಗೆ 406 ಮೆಗಾಹರ್ಟ್ಸ್‌ನಲ್ಲಿ ಸಂಕೇತ ಕಳುಹಿಸುವ ಬೀಕನ್ ಜೊತೆಗಿರಲಿ. ಅಂತಹ ಸಾಧನವನ್ನು ಒಯ್ಯಲು ಪರವಾನಗಿ ಬೇಕಾದ ದೇಶಗಳೂ ಇರುವುದರಿಂದ ಮೊದಲೇ ವಿಚಾರಿಸಿಕೊಳ್ಳಿ. ಸೀಟಿಯೂ ಎಲ್ಲರ ಬಳಿಯಿರಲಿ: ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಊದುವುದು ಪರ್ವತ ಪ್ರದೇಶಗಳಲ್ಲಿ ಬಳಕೆಯಲ್ಲಿರುವ ಅಪಾಯದ ಸಂಕೇತ.

ಯಂತ್ರದ ಅವಘಡಗಳಲ್ಲಿ ಎರಡನ್ನು ಎಲ್ಲರೂ ಅರಿತಿರಬೇಕು. ಬೈಕ್ ನೀರಿನಲ್ಲಿ ಮುಳುಗಿದರೆ ಸ್ಟಾರ್ಟರ್ ಒತ್ತಲೇಬೇಡಿ. ನೀರು ಗಾಳಿಯಂತೆ ಅದುಮಿಕೊಳ್ಳದ ಕಾರಣ ಪಿಸ್ಟನ್ ಅದಕ್ಕೆ ತಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಏರ್ ಫಿಲ್ಟರ್ ಹಿಂಡಿ, ಆಮೇಲೆ ಎಂಜಿನ್ ತಿರುಗಿಸಿ ರಂಧ್ರದಿಂದ ನೀರನ್ನು ಹೊರಹಾಕಬೇಕು. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸದೆ ಓಡಿಸಬಾರದು. ಇನ್ನೊಂದು, ಕೆಟ್ಟ ಬೈಕನ್ನು ಎಳೆಯುವುದು. ಸುಮಾರು 4–5 ಮೀಟರ್ ಪಟ್ಟಿಯ ಒಂದು ತುದಿಯನ್ನು ಎಳೆಯುವ ಬೈಕಿನ ಬಲಗಾಲಿಡುವ ಫುಟ್‌ಪೆಗ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ಹಿಂದಿನ ಬೈಕಿನ ಎಡ ಫುಟ್‌ಪೆಗ್‌ಗೆ ಗಂಟು ಹಾಕದೆ ಸುತ್ತಿ, ಬೂಟಿನಿಂದ ಅದುಮಿ ಹಿಡಿಯಬೇಕು. ಹಿಂದಿನ ಬ್ರೇಕಿನ ಪೆಡಲ್ ಬಲಗಾಲಿಗೆ ಇರುವುದರಿಂದ ಅದು ಸ್ವತಂತ್ರವಾಗಿರುತ್ತದೆ, ತೊಂದರೆಯಾದ ಕ್ಷಣ ಎಡಗಾಲನ್ನು ಎತ್ತಿದರೆ ಪಟ್ಟಿ ತಾನೇ ಬಿಚ್ಚಿಕೊಳ್ಳುತ್ತದೆ. ಹ್ಯಾಂಡಲಿಗೆ ಕಟ್ಟಿ ಎಳೆದರೆ ಇಬ್ಬರೂ ಬೀಳುತ್ತಾರೆ.

ಸಂಜೆ ಮತ್ತು ಮರಳಿದ ಮೇಲೆ

ಬಿಡಾರ ಸೇರಿದ ತಕ್ಷಣ, ಬೂಟು ಬಿಚ್ಚುವ ಮೊದಲೇ, ಬೈಕಿನ ಕಡ್ಡಿ, ಬೋಲ್ಟ್, ಚೈನ್, ಬ್ರೇಕ್ ಪ್ಯಾಡ್‌ಗಳನ್ನು ನೋಡಿ ಪೆಟ್ರೋಲ್ ತುಂಬಿಸಿಡಿ. ಬೆಳಿಗ್ಗೆಗೆ ಬಿಟ್ಟ ಕೆಲಸ ಹಗಲಿನ ಒಂದು ಗಂಟೆಯನ್ನು ನುಂಗುತ್ತದೆ. ಮರುದಿನದ ಹಾದಿಯನ್ನು ಆ ರಾತ್ರಿ ಮತ್ತೆ ಪರಿಶೀಲಿಸುವಾಗ ಹೆಚ್ಚು ದಣಿದವರ ಮಾತನ್ನು ಮೊದಲು ಕೇಳಿ, ಅಗತ್ಯವಿದ್ದರೆ ದೂರವನ್ನು ಕಡಿತಗೊಳಿಸಿ.

ಪ್ರವಾಸ ಮುಗಿದ ಮೇಲೆ ಬೈಕ್ ಮತ್ತು ಬೂಟುಗಳಿಗೆ ಅಂಟಿದ ಮಣ್ಣನ್ನು ಬೇರೊಂದು ಪ್ರದೇಶಕ್ಕೆ ಹೋಗುವ ಮುನ್ನ ಪೂರ್ತಿ ತೊಳೆಯಿರಿ, ಏಕೆಂದರೆ ಕಳೆಗಿಡಗಳ ಬೀಜ ಮತ್ತು ಸಸ್ಯರೋಗಗಳು ಈ ಮಣ್ಣಿನೊಂದಿಗೇ ಪ್ರಯಾಣಿಸುತ್ತವೆ. ಬಿದ್ದ ಮರ, ಕುಸಿದ ದಂಡೆಗಳನ್ನು ಕಂಡಿದ್ದರೆ ಅನುಮತಿ ಕೊಟ್ಟ ಕಚೇರಿಗೆ ತಿಳಿಸಿ. ಖರ್ಚಿನ ಲೆಕ್ಕವನ್ನು ಅದೇ ವಾರ ಚುಕ್ತಾ ಮಾಡಿ, ಬಳಸಿದ ಟ್ಯೂಬ್, ಲಿವರ್, ಬ್ಯಾಂಡೇಜ್‌ಗಳ ಜಾಗಕ್ಕೆ ಹೊಸದನ್ನು ತಂದಿಡಿ. ಮಾರ್ಗದ ಕಡತದಲ್ಲಿ ಪ್ರತಿ ಭಾಗಕ್ಕೂ ನಿಜವಾಗಿ ಹಿಡಿದ ಹೊತ್ತು ಮತ್ತು ಖರ್ಚಾದ ಪೆಟ್ರೋಲನ್ನು ಬರೆದಿಟ್ಟರೆ, ಇದೇ ಗೆಳೆಯರೊಂದಿಗೆ ಮುಂದಿನ ಬಾರಿ ಹಾದಿಯ ಲೆಕ್ಕ ಹಾಕುವಾಗ ಊಹೆಯ ಸರಾಸರಿಯನ್ನು ಬಿಟ್ಟು ನಿಮ್ಮದೇ ಅಂಕಿಗಳಿಂದ ಆರಂಭಿಸಬಹುದು.